ಕಡೆದ ಕಂಬಗಳ ನಡುವೆ 360 ಡಿಗ್ರಿ: ಇಟಗಿಯಲ್ಲಿ ಫೋಟೊ ಹೊಲಿದ ಅನುಭವ

ಬಯಲಿನಲ್ಲಿ, ಬೀದಿಯಲ್ಲಿ, ಮದುವೆಯ ಛತ್ರದಲ್ಲಿ ಸುತ್ತಲೂ ತೆಗೆದ ಫೋಟೊಗಳನ್ನು ಹೇಳಿದ ಹಾಗೆ ಒಂದೇ ಚಿತ್ರವಾಗಿ ಜೋಡಿಸಿಕೊಡುವ, ಎಂದರೆ ಹೊಲಿದುಕೊಡುವ, ತಂತ್ರಾಂಶಕ್ಕೆ ಇಟಗಿಯ ಮಹಾದೇವ ದೇವಾಲಯದ ಮಂಟಪ ತೋರಿಸಿ ನೋಡಿ. ಈ ಮೂಲೆಯ ಕಂಬವನ್ನು ಆ ಮೂಲೆಯ ಕಂಬವೆಂದು ತಿಳಿದು ಎರಡಕ್ಕೂ ಗಂಟು ಹಾಕಿ ಕೂರುತ್ತದೆ. ಕೊಪ್ಪಳದಲ್ಲಿ ಸ್ಟುಡಿಯೊ ಇಟ್ಟುಕೊಂಡಿರುವ ನನಗೆ ಅನ್ನ ಕೊಡುವುದು ಮದುವೆ, ನಾಮಕರಣ, ಗೃಹಪ್ರವೇಶದ ಫೋಟೊಗಳೇ. ನಮ್ಮ ಜಿಲ್ಲೆಯ ಗುಡಿಗಳನ್ನು ಮೊಬೈಲಿನಲ್ಲಿ ಸುತ್ತಲೂ ತಿರುಗಿಸಿ ನೋಡುವಂತೆ ಮಾಡಬೇಕೆಂಬ ಹುಚ್ಚು ಬೇರೆಯದು. ಅದಕ್ಕಾಗಿ ಕಲಿತದ್ದರಲ್ಲಿ ಬಹುಪಾಲು ಇಟಗಿ ಕಲಿಸಿದ್ದು.

ಕುಕನೂರು ತಾಲ್ಲೂಕಿನ ಈ ಗುಡಿಯನ್ನು 1112ರಲ್ಲಿ ಕಟ್ಟಿಸಿದವನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ಬಳಪದ ಕಲ್ಲು ಮೆದು. ಅದರಿಂದಲೇ ಇಲ್ಲಿನ ಶಿಲ್ಪಿಗಳು ಕಂಬಗಳನ್ನು ತಿರುಗಿಸಿ ಕಡೆದು, ಬುಗುರಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ ನುಣುಪಾಗಿ ನಿಲ್ಲಿಸಿದ್ದಾರೆ. ನೋಡುವವರಿಗೆ ಅದು ಸೊಬಗು. ನನ್ನ ಕೆಲಸಕ್ಕೆ ಅದೇ ತೊಡಕು. ಕಡೆದ ಕಂಬ ಯಾವ ಕಡೆಯಿಂದ ನೋಡಿದರೂ ಒಂದೇ. ಪಕ್ಕದ ಕಂಬವೂ ಹಾಗೆಯೇ. ಎರಡು ಫೋಟೊಗಳಲ್ಲಿ ‘ಇದೇ ಅದು’ ಎಂದು ಗುರುತಿಸುವುದೇ ಜೋಡಣೆಯ ಮೂಲವಾದ್ದರಿಂದ ತಂತ್ರಾಂಶ ದಾರಿ ತಪ್ಪುವುದು ಸಹಜ.

ನನ್ನ ಸಾಮಾನು ದೊಡ್ಡದೇನಲ್ಲ: ಎಪಿಎಸ್-ಸಿ (ಮಧ್ಯಮ ಗಾತ್ರದ) ಸೆನ್ಸರಿನ ಕ್ಯಾಮೆರಾ, ಕೈಯಿಂದಲೇ ಫೋಕಸ್ ತಿರುಗಿಸುವ, ಬಲು ಅಗಲದ ನೋಟವನ್ನು ಬಾಗಿಸಿ ಹಿಡಿಯುವ 8 ಮಿ.ಮೀ. ಫಿಶ್‌ಐ ಲೆನ್ಸ್, ಟ್ರೈಪಾಡ್, ಅದರ ಮೇಲೊಂದು ಪನೋರಮಾ ಹೆಡ್, ಎಂದರೆ ಕ್ಯಾಮೆರಾವನ್ನು ಪಟ್ಟಿಯ ಮೇಲೆ ಸರಿಸಿ ಒಂದೇ ಬಿಂದುವಿನ ಸುತ್ತ ತಿರುಗಿಸಲು ಬಿಡುವ ಹಿಡಿ. ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿದರೆ ಮೇಲಿಂದ ಕೆಳಕ್ಕೆ ಸುಮಾರು 140 ಡಿಗ್ರಿ, ಅಡ್ಡಕ್ಕೆ ಸುಮಾರು 100 ಡಿಗ್ರಿ ನೋಟ ಸಿಗುತ್ತದೆ. 60 ಡಿಗ್ರಿಗೊಂದರಂತೆ ಸುತ್ತ ಆರು ಫೋಟೊ ತೆಗೆದರೆ ಒಂದರ ಅಂಚು ಇನ್ನೊಂದರ ಮೇಲೆ ಧಾರಾಳವಾಗಿ ಬರುತ್ತದೆ. ನೆತ್ತಿಯಲ್ಲೂ ಕಾಲಡಿಯಲ್ಲೂ ಉಳಿಯುವ ತೂತು ಮುಚ್ಚಲು ಮೇಲಕ್ಕೊಂದು, ಕೆಳಕ್ಕೊಂದು. ಸಂರಕ್ಷಿತ ಸ್ಮಾರಕದೊಳಗೆ ಟ್ರೈಪಾಡ್ ಹೂಡಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಹೊರಡುವ ಮೊದಲೇ ಅದನ್ನು ಮುಗಿಸಿಕೊಳ್ಳಿ.

ಹೊಲಿಗೆ ಚೆನ್ನಾಗಿ ಬರುವುದೂ ಕೆಡುವುದೂ ಕಂಪ್ಯೂಟರಿನ ಮುಂದಲ್ಲ, ಟ್ರೈಪಾಡಿನ ಮೇಲೆ. ಕ್ಯಾಮೆರಾ ತಿರುಗುವಾಗ ಯಾವ ಬಿಂದುವಿನ ಸುತ್ತ ತಿರುಗುತ್ತದೆ ಎಂಬುದೇ ಎಲ್ಲ. ಒಂದು ಕಣ್ಣು ಮುಚ್ಚಿ ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ತಲೆ ಅಲ್ಲಾಡಿಸಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಸರಿದಾಡುತ್ತದಲ್ಲ, ಕ್ಯಾಮೆರಾಕ್ಕೂ ಅದೇ ಆಗುತ್ತದೆ. ಕಂಬ ಒಂದು ಮೀಟರ್ ದೂರದಲ್ಲಿದ್ದು ಹಿಂದೆ ಹೊರಗಿನ ಬಯಲು ಕಾಣುತ್ತಿದ್ದರೆ ಅರ್ಧ ಸೆಂಟಿಮೀಟರ್ ವ್ಯತ್ಯಾಸವೂ ಕಣ್ಣಿಗೆ ರಾಚುತ್ತದೆ. ಸರಿಯಾದ ಬಿಂದುವನ್ನು ನಾನು ಹುಡುಕಿದ್ದು ಸ್ಟುಡಿಯೊ ಬಾಗಿಲಲ್ಲೇ. ಹತ್ತಿರದ ಬಾಗಿಲ ಚೌಕಟ್ಟಿನ ಅಂಚನ್ನು ರಸ್ತೆಯಾಚೆಯ ವಿದ್ಯುತ್ ಕಂಬಕ್ಕೆ ತಾಗಿಸಿ ನೋಡಿದೆ. ಎಡಕ್ಕೆ, ಬಲಕ್ಕೆ ತಿರುಗಿಸಿದಾಗ ಎರಡರ ನಡುವಿನ ಸಂದು ಬದಲಾಗದ ತನಕ ಕ್ಯಾಮೆರಾವನ್ನು ಪಟ್ಟಿಯ ಮೇಲೆ ಹಿಂದೆ ಮುಂದೆ ಸರಿಸಿದೆ. ಫಿಶ್‌ಐ ಲೆನ್ಸಿನಲ್ಲಿ ಇನ್ನೊಂದು ಕಿತಾಪತಿಯಿದೆ: ಈ ಬಿಂದು ನೋಟದ ನಡುವಿನಿಂದ ಅಂಚಿಗೆ ಹೋದಂತೆ ಜರುಗುತ್ತದೆ. ಸುತ್ತ ಆರು ಫೋಟೊ ಎಂದರೆ ಹೊಲಿಗೆ ಬೀಳುವುದು ನಡುವಿನಿಂದ 30 ಡಿಗ್ರಿ ಆಚೀಚೆ. ಆದ್ದರಿಂದ ಚೌಕಟ್ಟು, ಕಂಬಗಳೆರಡೂ ಆ 30 ಡಿಗ್ರಿಯಲ್ಲಿ ಕಾಣುವಂತೆ ಇಟ್ಟು ಪರೀಕ್ಷಿಸಬೇಕು. ಸಿಕ್ಕ ಜಾಗಕ್ಕೆ ಪಟ್ಟಿಯ ಮೇಲೆ ಗೀರು ಹಾಕಿಟ್ಟುಕೊಂಡಿದ್ದೇನೆ.

ಮಂಟಪದೊಳಗೆ ಕತ್ತಲು, ಕಂಬಗಳ ಸಂದಿನಲ್ಲಿ ನಮ್ಮ ಸೀಮೆಯ ಬಿಸಿಲು. ಒಂದೇ ಎಕ್ಸ್‌ಪೋಷರಿನಲ್ಲಿ ಎರಡೂ ಸಿಗುವುದಿಲ್ಲ. ಪ್ರತಿ ದಿಕ್ಕಿಗೂ ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಅಂತರದಲ್ಲಿ ಮೂರು ಫೋಟೊ ತೆಗೆಯುತ್ತೇನೆ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ), ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ), ಫೋಕಸ್ ಯಾವುದೂ ನಡುವೆ ಬದಲಾಗಕೂಡದು. ಕಿಂಡಿಯನ್ನು ಎಫ್/8ಕ್ಕೆ ಇಟ್ಟು ಅರ್ಧ ಮೀಟರಿಗೆ ಫೋಕಸ್ ಮಾಡಿದರೆ ಈ ಲೆನ್ಸಿನಲ್ಲಿ ಹತ್ತಿರದ ಕಂಬದಿಂದ ದೂರದ ಹೊಲದವರೆಗೂ ಎಲ್ಲವೂ ಸ್ಪಷ್ಟ. ಸುತ್ತು ಬೇಗ ಮುಗಿಸಬೇಕು, ಇಲ್ಲವಾದರೆ ಮೋಡ ಅಡ್ಡ ಬಂದು ಆರನೆಯ ಫೋಟೊದ ನೆರಳು ಮೊದಲನೆಯದಕ್ಕೆ ಹೊಂದುವುದಿಲ್ಲ.

ಭುವನೇಶ್ವರಿಯ (ಮಂಟಪದ ಚಾವಣಿಯ) ಕೆತ್ತನೆಗೆ ಕ್ಯಾಮೆರಾವನ್ನು ನೇರ ಮೇಲಕ್ಕೆ ತಿರುಗಿಸಿ ತೆಗೆದರೆ ಸಾಕು. ನೆಲದ್ದು ಹಾಗಲ್ಲ, ಟ್ರೈಪಾಡನ್ನು ಪಕ್ಕಕ್ಕೆ ಸರಿಸಿ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಬಾಗಬೇಕು. ಜಗಲಿಯ ಮೇಲೆ ಕೂತು ನೋಡುತ್ತಿದ್ದ ಹಿರಿಯರೊಬ್ಬರು, “ಏನು ತಮ್ಮಾ, ಇಷ್ಟು ಚೆಂದದ ಗುಡಿ ಬಿಟ್ಟು ನೆಲದ ಫೋಟೊ ತೆಗೆಯುತ್ತೀಯಲ್ಲ?” ಎಂದರು. “ಅಜ್ಜಾ, ನೆಲ ತೆಗೆಯದಿದ್ದರೆ ನೋಡುವವರ ಕಾಲಡಿ ತೂತು ಬೀಳುತ್ತದೆ” ಎಂದೆ. “ಹಾಗಾದರೆ ನಿನ್ನ ಕಾಲು ಬೀಳದ ಹಾಗೆ ತೆಗೆ” ಎಂದರು. ಕೆಲಸದ ಕಷ್ಟ ನಿಜವಾಗಿಯೂ ಇರುವುದು ಅಲ್ಲೇ!

ಜೋಡಣೆಗೆ ನಾನು ಬಳಸುವುದು ಹಗಿನ್. ಉಚಿತ, ಮುಕ್ತ ತಂತ್ರಾಂಶ. ಇದರ ಬೇರು ಜರ್ಮನಿಯ ಪ್ರಾಧ್ಯಾಪಕ ಹೆಲ್ಮುಟ್ ಡೆರ್ಶ್ ಬರೆದ ಪನೋರಮಾ ಟೂಲ್ಸ್‌ನಲ್ಲಿದೆ. ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶಗಳು ಇದಕ್ಕಿಂತ ವೇಗವಾಗಿರಬಹುದು, ಆದರೆ ಒಳಗೆ ಏನು ನಡೆಯುತ್ತಿದೆ ಎಂದು ಹಗಿನ್ ತೋರಿಸುವಷ್ಟು ಬಿಚ್ಚಿ ತೋರಿಸುವುದಿಲ್ಲ. ನನ್ನ ಲೆನ್ಸಿನಲ್ಲಿ ಕ್ಯಾಮೆರಾಕ್ಕೆ ಮಾಹಿತಿ ಕಳುಹಿಸುವ ಚಿಪ್ ಇಲ್ಲ. ಹಾಗಾಗಿ ಫೋಟೊ ತುಂಬಿದ ಕೂಡಲೇ ಫೋಕಲ್ ಲೆಂತ್ (ಇಲ್ಲಿ 8 ಮಿ.ಮೀ.) ಎಷ್ಟು, ಕ್ರಾಪ್ ಫ್ಯಾಕ್ಟರ್ (ಫುಲ್ ಫ್ರೇಮಿಗಿಂತ ಸೆನ್ಸರ್ ಎಷ್ಟು ಪಟ್ಟು ಚಿಕ್ಕದು ಎಂಬ ಅಂಕಿ) ಎಷ್ಟು, ಲೆನ್ಸ್ ಯಾವ ಜಾತಿಯದು ಎಂದು ಕೇಳುತ್ತದೆ. ಅಲ್ಲಿ ಮಾಮೂಲಿ ಲೆನ್ಸ್ ಎಂದು ಬಿಟ್ಟರೆ ಮುಂದಿನದೆಲ್ಲ ನೀರಿನಲ್ಲಿಟ್ಟ ಹೋಮ.

ಲೆನ್ಸಿನ ಬಾಗುವಿಕೆಯ ಅಂಕಿಗಳನ್ನು ಗುಡಿಯೊಳಗೆ ಅಳೆಯಲು ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹತ್ತಿರದ ಕಂಬಗಳ ಜರುಗು ತಪ್ಪನ್ನೂ ತಂತ್ರಾಂಶ ಲೆನ್ಸಿನ ತಪ್ಪೆಂದು ಲೆಕ್ಕ ಹಾಕಿ, ಅಂಕಿಗಳನ್ನು ಎಳೆದಾಡಿಬಿಡುತ್ತದೆ. ಅಶೋಕನ ಶಾಸನವಿರುವ ಪಾಲ್ಕಿಗುಂಡಿನ ಗುಡ್ಡದ ಮೇಲಿಂದ ಒಂದು ಸುತ್ತು ತೆಗೆದು, ದೂರದ ಬೆಟ್ಟದ ಅಂಚು, ನೀರಿನ ಟ್ಯಾಂಕು, ಕಟ್ಟಡಗಳ ಮೂಲೆಗಳ ಮೇಲಷ್ಟೇ ಕಂಟ್ರೋಲ್ ಪಾಯಿಂಟ್ (ಎರಡು ಫೋಟೊಗಳಲ್ಲೂ ಒಂದೇ ಎಂದು ಗುರುತು ಹಾಕುವ ಬಿಂದು) ಇಟ್ಟು ಲೆನ್ಸನ್ನು ಅಳೆದೆ. ಎಲ್ಲವೂ ದೂರದಲ್ಲಿದ್ದರೆ ಜರುಗುವಿಕೆಯ ಪ್ರಶ್ನೆಯೇ ಏಳುವುದಿಲ್ಲ. ಆ ಅಂಕಿಗಳನ್ನು ಉಳಿಸಿಕೊಂಡು ಇಟಗಿಯ ಫೋಟೊಗಳಿಗೆ ಹಚ್ಚುತ್ತೇನೆ. ಆಗ ತಂತ್ರಾಂಶದ ಲೆಕ್ಕ ಹಾಕುವ ಭಾಗವಾದ ಆಪ್ಟಿಮೈಜರ್ ಕಂಡುಹಿಡಿಯಬೇಕಾದದ್ದು ಪ್ರತಿ ಫೋಟೊ ಎತ್ತ ತಿರುಗಿದೆ, ಎಷ್ಟು ಬಾಗಿದೆ, ಎಷ್ಟು ಓರೆಯಾಗಿದೆ ಎಂಬುದನ್ನು ಮಾತ್ರ.

ಇನ್ನು ಕಂಟ್ರೋಲ್ ಪಾಯಿಂಟುಗಳು. ತಾನಾಗಿ ಹುಡುಕುವ ಸೌಲಭ್ಯವನ್ನು ಒಮ್ಮೆ ಓಡಿಸಿ, ಕಂಬಗಳ ಮೇಲೆ ಬಿದ್ದ ಪಾಯಿಂಟುಗಳನ್ನೆಲ್ಲ ಅಳಿಸುತ್ತೇನೆ. ಆಮೇಲೆ ಕೈಯಿಂದ ಇಡುತ್ತೇನೆ. ಶಿಲ್ಪಿಯ ಕೆತ್ತನೆಗಿಂತ ಇಲ್ಲಿ ಉಪಯೋಗಕ್ಕೆ ಬರುವುದು ಕಲ್ಲಿಗಾದ ಗಾಯ. ಕಂಬದ ಬಳೆಯಂಚಿನಲ್ಲಿ ಚೂರು ಹಾರಿದ ಜಾಗ, ತೊಲೆಯ ಬಿರುಕು ಕವಲೊಡೆದ ಬಿಂದು, ಯಾರೋ ಹಚ್ಚಿದ ಸುಣ್ಣದ ಬೊಟ್ಟು: ಇಂಥವು ಮಂಟಪದಲ್ಲಿ ಒಂದೊಂದೇ ಇರುತ್ತವೆ. ಒಂದು ಕಂಬದ ನಡುಮಟ್ಟದ ಬಳೆಯಲ್ಲಿ ಉಗುರಿನಗಲದ ಚಕ್ಕೆ ಎದ್ದಿದೆ. ಎರಡು ಫೋಟೊಗಳಲ್ಲೂ ಅದರ ಮೇಲ್ತುದಿಯ ಮೊನೆ ಸ್ಪಷ್ಟವಾಗಿ ಕಂಡಿತು. ಆ ಕಡೆಯ ಹೊಲಿಗೆಗೆ ಅದೇ ಆಧಾರವಾಯಿತು. ನುಣುಪು ಕಲ್ಲಿನ ಹೊಳಪಿನ ಚುಕ್ಕೆಗಳ ಮೇಲೆ ಮಾತ್ರ ಪಾಯಿಂಟ್ ಇಡಬೇಡಿ. ಬೆಳಕು ಸರಿದರೆ ಅವೂ ಸರಿಯುತ್ತವೆ. ಪಾಯಿಂಟುಗಳ ಪಟ್ಟಿ ತೆರೆದು ದೂರದ (ಜೋಡಿಸಿದ ಮೇಲೆ ಒಂದೇ ಬಿಂದುವಿನ ಎರಡು ಗುರುತುಗಳ ನಡುವೆ ಉಳಿಯುವ ಅಂತರದ) ಲೆಕ್ಕದಲ್ಲಿ ವಿಂಗಡಿಸಿದರೆ ಕೆಟ್ಟವು ಒಂದೇ ಕಡೆ ಸಿಗುತ್ತವೆ. ಸರಾಸರಿ ಒಂದೆರಡು ಪಿಕ್ಸೆಲ್ಲಿಗೆ ಇಳಿದರೆ ನನಗೆ ತೃಪ್ತಿ.

ದಿಗಂತ ಓರೆಯಾಗದಿರಲು ಲಂಬ ಗೆರೆಗಳನ್ನೂ ಗುರುತಿಸಬೇಕು. ಒಂಬತ್ತು ಶತಮಾನ ಕಂಡ ಕಂಬ ಕೂದಲೆಳೆಯಷ್ಟಾದರೂ ವಾಲಿರಬಹುದಾದ್ದರಿಂದ ಒಂದನ್ನೇ ನಂಬದೆ ನಾಲ್ಕೂ ದಿಕ್ಕಿನ ಕಂಬಗಳ ಮೇಲೆ ಹಂಚುತ್ತೇನೆ. ಟ್ರೈಪಾಡಿಗೆ ಮೊದಲೇ ರಸಮಟ್ಟ ನೋಡಿದ್ದರೆ ಈ ಕೆಲಸ ಅರ್ಧ ಮುಗಿದಂತೆ.

ಕೈಯಲ್ಲಿ ಹಿಡಿದು ತೆಗೆದ ನೆಲದ ಫೋಟೊವನ್ನು ಕೊನೆಗೆ ಸೇರಿಸುತ್ತೇನೆ. ಅದು ಬೇರೆ ಜಾಗದಿಂದ ತೆಗೆದದ್ದು, ಆದರೂ ನೆಲ ಚಪ್ಪಟೆಯಾದ್ದರಿಂದ ಹಗಿನ್ ಆ ಸ್ಥಾನ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಕೂರಿಸಬಲ್ಲದು. ಷರತ್ತು ಒಂದೇ, ಪಾಯಿಂಟುಗಳು ಹಾಸುಗಲ್ಲಿನ ಮೇಲಷ್ಟೇ ಇರಬೇಕು. ಕಂಬದ ಬುಡಕ್ಕೆ ಒಂದು ಇಟ್ಟರೂ ಲೆಕ್ಕ ಕೆಡುತ್ತದೆ. ಉಳಿದದ್ದನ್ನು, ನನ್ನ ಪಾದವನ್ನೂ ಸೇರಿಸಿ, ಮಾಸ್ಕ್ (ಫೋಟೊದ ಬೇಡದ ಭಾಗವನ್ನು ಬಿಟ್ಟುಬಿಡುವ ಗುರುತು) ಹಾಕಿ ಮುಚ್ಚುತ್ತೇನೆ. ನಡುವೆ ಹಾದುಹೋದ ಭಕ್ತರು ಅರ್ಧ ದೇಹವಾಗಿ ಉಳಿಯದಂತೆ ನೋಡಿಕೊಳ್ಳುವುದೂ ಮಾಸ್ಕಿನಿಂದಲೇ.

ಬೆಳಕಿನ ಮೂರು ಹಂತಗಳನ್ನು ಹಗಿನ್ ಜೊತೆ ಬರುವ ಎನ್‌ಫ್ಯೂಸ್ ಬೆರೆಸುತ್ತದೆ, ಅಂಚುಗಳನ್ನು ಎನ್‌ಬ್ಲೆಂಡ್ ಹೊಲಿಯುತ್ತದೆ. ಬಣ್ಣದ ಹರವನ್ನು ಅಗಲವಾಗಿಯೂ ಸೂಕ್ಷ್ಮ ಗೆರೆಗಳನ್ನು ಕಿರಿದಾಗಿಯೂ ಬೆಸೆಯುವ ಇದರ ವಿಧಾನ 1983ರಲ್ಲಿ ಬರ್ಟ್ ಮತ್ತು ಆಡೆಲ್ಸನ್ ಎಂಬ ಸಂಶೋಧಕರು ಪ್ರಕಟಿಸಿದ್ದು. ಹೊರಬರುವ ಚಿತ್ರದ ಅಗಲ ಎತ್ತರದ ಎರಡರಷ್ಟಿರುತ್ತದೆ. ನಾನು 10,000ಕ್ಕೆ 5,000 ಪಿಕ್ಸೆಲ್ ಇಡುತ್ತೇನೆ. ಪರದೆಯ ಮೇಲೆ ಅದು ಚಪ್ಪಟೆಯಾದ, ವಿಕಾರವಾದ ಚಿತ್ರ. ಪ್ಯಾನೆಲಮ್ ಎಂಬ ಉಚಿತ ವೀಕ್ಷಕಕ್ಕೆ ಕೊಟ್ಟ ಮೇಲೆಯೇ ಕಂಬಗಳು ನೆಟ್ಟಗಾಗುವುದು. ಹಳೆಯ ಮೊಬೈಲುಗಳು ಅಷ್ಟು ದೊಡ್ಡ ಕಡತ ಕೊಟ್ಟರೆ ಬರೀ ಕಪ್ಪು ತೋರಿಸಬಹುದು. ಅದಕ್ಕೆ 4096 ಪಿಕ್ಸೆಲ್ ಅಗಲದ ಇನ್ನೊಂದು ಪ್ರತಿ ಮಾಡಿಟ್ಟುಕೊಂಡಿದ್ದೇನೆ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದಿದ್ದರೆ ಅದನ್ನೂ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿಯೇ ಕಳುಹಿಸಿ.