ಕೆಂಪಿಗೆ ಕಾಯಿಲೆ ಬಂದ ಮೇಲೆ

ಕಳೆದ ವರ್ಷ ಗೌರಿ ಹಬ್ಬಕ್ಕೆ ಇನ್ನು ಹದಿನೈದು ದಿನ ಇರುವಾಗ ನಮ್ಮ ಮನೆಯ ಜಗಲಿಯಲ್ಲಿ ರವಿಕೆ ಬಟ್ಟೆಗಳ ರಾಶಿಯೇ ಬಿದ್ದಿತ್ತು. ಸಾಗರದ ಪಕ್ಕದ ಹಳ್ಳಿ ನಮ್ಮದು. ಮೂವತ್ತು ವರ್ಷದಿಂದ ಹೊಲಿಗೆ ನನ್ನ ಕಸುಬು. ನಮ್ಮ ನಾಯಿ ಕೆಂಪಿ ಒಂಬತ್ತು ವರ್ಷದಿಂದ ಆ ಹೊಲಿಗೆ ಯಂತ್ರದ ಕೆಳಗೇ ಮಲಗುತ್ತಾ ಬಂದವಳು. ಪೆಡಲ್ ಮೇಲೆ ನನ್ನ ಕಾಲು, ಕಾಲಿನ ಪಕ್ಕದಲ್ಲಿ ಅವಳ ಮೂತಿ. ಆ ಹದಿನೈದು ದಿನ ಅಂಗಳದ ಕಲ್ಮರಿಗೆಯ ನೀರು ಸಂಜೆಯೊಳಗೆ ಖಾಲಿಯಾಗುತ್ತಿತ್ತು. ಮಳೆಗಾಲದಲ್ಲಿ ಇಷ್ಟೊಂದು ನೀರು ಯಾಕೆ ಕುಡಿಯುತ್ತಿದ್ದಾಳೆ ಎಂದು ಒಮ್ಮೆ ಮನಸ್ಸಿಗೆ ಬಂದದ್ದು ನಿಜ. ಆದರೆ ಹಬ್ಬದ ಹಿಂದಿನ ದಿನ ರಾತ್ರಿ ಹನ್ನೊಂದರ ತನಕ ಕೊಕ್ಕೆ ಹಾಕುತ್ತಾ ಕೂತವಳಿಗೆ ಆ ಯೋಚನೆಯ ಬೆನ್ನು ಹತ್ತಲು ಪುರುಸೊತ್ತಿರಲಿಲ್ಲ.

ಹಬ್ಬ ಮುಗಿದ ಮೂರನೆಯ ದಿನ ಅವಳು ಎರಡು ಸಲ ವಾಂತಿ ಮಾಡಿದಳು, ಊಟ ಬಿಟ್ಟಳು. ಹತ್ತಿರ ಬಗ್ಗಿದರೆ ಬಾಯಿಂದ ಮೂತ್ರದಂಥ ಘಾಟು ವಾಸನೆ. ವ್ಯಾನ್ ಮಾಡಿಕೊಂಡು ಶಿವಮೊಗ್ಗಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡ ರಕ್ತದಿಂದ ಹೊರಹಾಕಬೇಕಾದ ಕಲ್ಮಶ; 1.4ರ ಒಳಗೆ ಇರಬೇಕಾದ ಅದು 3.8 ಇತ್ತು. ಮೂತ್ರಪಿಂಡದ ಕಾಯಿಲೆಯ ನಾಲ್ಕು ಹಂತಗಳಲ್ಲಿ ಇದು ಮೂರನೆಯದು, ವಾಸಿಯಾಗುವುದಿಲ್ಲ, ಆದರೆ ನಿಧಾನ ಮಾಡಬಹುದು ಎಂದು ನಮ್ಮ ಡಾಕ್ಟರು ಹೇಳಿದರು. ವಾಪಸು ಬರುವಾಗ ಎಪ್ಪತ್ತು ಕಿಲೋಮೀಟರ್ ದಾರಿಯುದ್ದಕ್ಕೂ ನಾನು ಒಂದು ಮಾತೂ ಆಡಲಿಲ್ಲ. ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡ ಕೆಂಪಿ ಕಿಟಕಿಯ ಗಾಳಿಗೆ ಮೂಗು ಅರಳಿಸುತ್ತಾ ಆರಾಮವಾಗಿದ್ದಳು.

ಮೊದಲ ವಾರ ನನ್ನನ್ನು ತಿಂದದ್ದು ತಪ್ಪಿತಸ್ಥ ಭಾವನೆ. ಕಲ್ಮರಿಗೆ ಖಾಲಿಯಾದ ಮೊದಲ ದಿನವೇ ಕರೆದುಕೊಂಡು ಹೋಗಿದ್ದರೆ? ಎರಡು ವರ್ಷದ ಹಿಂದೆ ಅವಳಿಗೆ ಉಣುಗಿನ ಜ್ವರ ಬಂದಿತ್ತು. ಆಗಲೇ ಇನ್ನಷ್ಟು ಜಾಗ್ರತೆ ಮಾಡಿದ್ದರೆ? ನಮ್ಮ ಸೀಮೆಯಲ್ಲಿ ಉಣುಗು ಎಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. ಅದು ಮೊದಲು ಪತ್ತೆಯಾದದ್ದೇ 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮನುಷ್ಯರ ವಿಷಯದಲ್ಲಿ ಅಷ್ಟು ಎಚ್ಚರ ಇರುವ ನಾವು ನಾಯಿಯ ಕಿವಿಯ ಹಿಂದಿನ ಉಣುಗನ್ನು ಕಿತ್ತು ಬಿಸಾಡಿ ಮರೆತುಬಿಡುತ್ತೇವೆ. ಹಾಗೆ ಮರೆತವಳು ನಾನೂ ಒಬ್ಬಳು ಎಂದು ರಾತ್ರಿಯೆಲ್ಲ ಕೊರಗಿದೆ. ಎರಡು ಗಂಟೆಗೆ, ಮೂರು ಗಂಟೆಗೆ ಎದ್ದು ಅವಳ ಪಕ್ಕೆ ಏರಿಳಿಯುತ್ತಿದೆಯೇ ಎಂದು ಕೈಯಿಟ್ಟು ನೋಡುತ್ತಿದ್ದೆ. ನಾನು ಮುಟ್ಟಿದ್ದಕ್ಕೆ ಅವಳಿಗೂ ಎಚ್ಚರ, ಆಮೇಲೆ ಇಬ್ಬರಿಗೂ ನಿದ್ದೆ ಇಲ್ಲ.

ಮಗಳು ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಫೋನಿನಲ್ಲಿ ನನ್ನ ಧ್ವನಿ ಕೇಳಿಯೇ ಅವಳಿಗೆ ಗೊತ್ತಾಯಿತು. "ಅಮ್ಮ, ರಾತ್ರಿ ಏನೇನು ಹೆದರಿಕೆ ಬರುತ್ತದೋ ಅದನ್ನು ಬರೆದಿಡು. ಬೆಳಗ್ಗೆ ಡಾಕ್ಟರಿಗೆ ಕೇಳಬಹುದಾದ ಪ್ರಶ್ನೆಯಾಗಿ ಮಾಡು" ಎಂದಳು. ಅಳತೆ ಬರೆಯುವ ಪುಸ್ತಕದ ಹಿಂದಿನ ಪುಟಗಳಲ್ಲಿ ಶುರು ಮಾಡಿದೆ. "ನನ್ನಿಂದಲೇ ಹೀಗಾಯಿತು" ಎಂಬುದು "ಹದಿನೈದು ದಿನ ಮೊದಲೇ ಬಂದಿದ್ದರೆ ವಾಸಿಯಾಗುತ್ತಿತ್ತೇ?" ಎಂದಾಯಿತು. ಡಾಕ್ಟರು ನೇರವಾಗಿ ಉತ್ತರಿಸಿದರು: ಮೂತ್ರಪಿಂಡ ಬಹಳ ಮೀಸಲು ಇಟ್ಟುಕೊಂಡ ಅಂಗ. ಅದರ ಸುಮಾರು ಮುಕ್ಕಾಲು ಪಾಲು ಶಕ್ತಿ ಹೋದ ಮೇಲೆಯೇ ಸಾಮಾನ್ಯವಾಗಿ ಕ್ರಿಯಾಟಿನಿನ್ ಏರುವುದು. ಇದು ತಿಂಗಳುಗಟ್ಟಲೆ, ಬಹುಶಃ ವರ್ಷಗಟ್ಟಲೆ ಒಳಗೇ ನಡೆದದ್ದು. ಹಳೆಯ ಉಣುಗಿನ ಜ್ವರ ಕಾರಣವಾಗಿರಬಹುದು, ಇರಲಿಕ್ಕಿಲ್ಲ. ಹದಿನೈದು ದಿನದಲ್ಲಿ ಕತೆ ಬದಲಾಗುತ್ತಿರಲಿಲ್ಲ. ಅವತ್ತು ರಾತ್ರಿ ಮೊದಲ ಬಾರಿಗೆ ಬೆಳಗಿನ ತನಕ ಮಲಗಿದೆ. ಪ್ರೀತಿಯ ಮಾತಿಗಿಂತ ಆ ನಿಖರವಾದ ಉತ್ತರ ನನ್ನನ್ನು ಹೆಚ್ಚು ಸಮಾಧಾನ ಮಾಡಿತು.

ಆಮೇಲೆ ಸೂಜಿಯ ಸರದಿ. ಚರ್ಮದ ಕೆಳಗೆ ಸಲೈನ್ ಕೊಡಬೇಕು, ದಿನವೂ ಶಿವಮೊಗ್ಗಕ್ಕೆ ಹೋಗಲಾಗುವುದಿಲ್ಲ, ಆದ್ದರಿಂದ ನಾನೇ ಕಲಿಯಬೇಕು. ಹದಿನೆಂಟನೆಯ ನಂಬರಿನ ಸೂಜಿ ಎಂದರು. ಹೊಲಿಗೆ ಯಂತ್ರದ ಸೂಜಿಯಲ್ಲಿ ನಂಬರ್ ಹೆಚ್ಚಾದಷ್ಟೂ ಸೂಜಿ ದಪ್ಪ. ಹದಿನೆಂಟು ಎಂದರೆ ಕ್ಯಾನ್ವಾಸ್, ಜೀನ್ಸ್ ಹೊಲಿಯುವ ಸೂಜಿ. ಆಸ್ಪತ್ರೆಯ ಸೂಜಿಯಲ್ಲಿ ಲೆಕ್ಕ ತಿರುಗುಮುರುಗು, ನಂಬರ್ ಹೆಚ್ಚಾದಂತೆ ಸಣ್ಣದು. ಹಾಗಿದ್ದರೆ ಇಪ್ಪತ್ತೆರಡರದ್ದು ಕೊಡಿ, ನೋವು ಕಡಿಮೆ ಎಂದು ಬೇಡಿದೆ. "ಅಕ್ಕಾ, ಸಣ್ಣ ಸೂಜಿಯಾದರೆ ನೀರು ಹೋಗಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಹಿಡಿದು ಕೂರಿಸುವುದೇ ಅವಳಿಗೆ ಹೆಚ್ಚಿನ ಹಿಂಸೆ" ಎಂದರು ಡಾಕ್ಟರು.

ಮೊದಲ ದಿನ ಕೈ ನಡುಗಿತು. ಸೂಜಿ ಹಿಡಿದೇ ಬದುಕಿದ ಕೈ, ಆದರೂ ನಡುಗಿತು. ಸೂಜಿ ಚರ್ಮದ ಒಂದು ಬದಿಯಿಂದ ಹೋಗಿ ಇನ್ನೊಂದು ಬದಿಗೆ ಬಂದು, ಸಲೈನ್ ಎಲ್ಲ ಅವಳ ರೋಮದ ಮೇಲೆ ಹರಿಯಿತು. ಬಚ್ಚಲೊಲೆಯ ಮುಂದೆ ಕೂತು ಅತ್ತೆ. ಎರಡನೆಯ ದಿನ ಬಟ್ಟೆಗೆ ನೆರಿಗೆ ಹಿಡಿಯುವ ಹಾಗೆ ಹಿಡಿದೆ. ಹೆಗಲುಗಳ ನಡುವಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿದರೆ ಅದರ ಬುಡದಲ್ಲಿ ಒಂದು ಪುಟ್ಟ ಗೂಡಾಗುತ್ತದೆ. ಸೂಜಿ ಅಲ್ಲಿಗೆ ಹೋಗಬೇಕು. ಬಾಟಲಿಯನ್ನು ಮೊದಲೇ ಬಿಸಿನೀರಿನ ಪಾತ್ರೆಯಲ್ಲಿಟ್ಟು, ಮುಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡು, ಉಗುರುಬೆಚ್ಚಗಿದೆ ಎಂದು ನೋಡಿ, ಹೊಲಿದ ರವಿಕೆ ನೇತುಹಾಕುವ ಮೊಳೆಗೇ ಅದನ್ನು ತೂಗುಹಾಕುತ್ತೇನೆ. ಡಾಕ್ಟರು ಬರೆದುಕೊಟ್ಟಂತೆ ದಿನ ಬಿಟ್ಟು ದಿನ 150 ಮಿಲಿಲೀಟರ್. ಮುಗಿದಾಗ ಅವಳ ಹೆಗಲ ಮೇಲೆ ದೊಡ್ಡ ಗಜನಿಂಬೆಯಷ್ಟು ಉಬ್ಬು. ಅದು ಮೆಲ್ಲಗೆ ಮುಂಗಾಲಿನ ಕಡೆ ಜಾರಿ ಬೆಳಗಾಗುವುದರೊಳಗೆ ಇಲ್ಲವಾಗುತ್ತದೆ. ಇದನ್ನು ಓದಿದವರು ದಯವಿಟ್ಟು ತಾವಾಗಿಯೇ ಶುರು ಮಾಡಬೇಡಿ. ಹೃದಯದ ತೊಂದರೆ ಇರುವ ನಾಯಿಗೆ ಇದೇ ಸಲೈನ್ ಅಪಾಯ ತರಬಹುದು. ಎಷ್ಟು, ಯಾವಾಗ ಎಂಬುದು ಡಾಕ್ಟರೇ ಹೇಳಬೇಕಾದ ಮಾತು. ಹಾಗೆಯೇ, ನರಳುತ್ತಿದೆ ಎಂದು ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ನಮ್ಮ ಯಜಮಾನರು ಒಂದು ರಾತ್ರಿ ಮನಸ್ಸು ತಡೆಯದೆ ಐಬುಪ್ರೊಫೆನ್ ಕೊಡಲು ಹೊರಟಿದ್ದರು. ಫೋನ್ ಮಾಡಿ ಕೇಳಿದ್ದು ಒಳ್ಳೆಯದಾಯಿತು. ಇರುವ ಮೂತ್ರಪಿಂಡವನ್ನೂ ಅದು ಕೆಡಿಸಿಬಿಡುತ್ತದಂತೆ.

ಸಲೈನ್ ಕೊಡುವ ಆ ಹತ್ತು ನಿಮಿಷ ನನಗೆ ಇಷ್ಟವಾಗತೊಡಗಿತು ಎಂದರೆ ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಏನೂ ಮಾಡಲಾಗದೆ ನೋಡುತ್ತಾ ಕೂರುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಈಗ ಕೈಗೆ ಕೆಲಸ ಇತ್ತು.

ಊಟದ್ದು ಬೇರೆಯದೇ ಪಾಠ. ರಂಜಕ ಕಡಿಮೆ ಇರಬೇಕು, ಮೂಳೆ ಬೇಡ, ಒಣಮೀನು ಬೇಡ, ಉಪ್ಪು ಬೇಡ. ಅನ್ನ, ಮೊಟ್ಟೆಯ ಬಿಳಿ ಭಾಗ, ಬೇಯಿಸಿದ ಸಿಹಿಗುಂಬಳ, ಜೊತೆಗೆ ಡಾಕ್ಟರು ಹೇಳಿದ ಮೂತ್ರಪಿಂಡದ ಕಾಯಿಲೆಯ ಆಹಾರ ಸ್ವಲ್ಪ. ನಾನು ತಟ್ಟೆ ಇಟ್ಟು ಅವಳ ಎದುರಿಗೇ ಕೂರುತ್ತಿದ್ದೆ. ತಿನ್ನು ಪುಟ್ಟಿ, ಒಂದೇ ತುತ್ತು, ಎಂದು ಗೋಗರೆಯುತ್ತಿದ್ದೆ. ಅವಳು ಮುಖ ಆ ಕಡೆ ತಿರುಗಿಸುತ್ತಿದ್ದಳು. ನನ್ನ ಕಣ್ಣು ತುಂಬಿದರೆ ಎದ್ದು ಬಂದು ನನ್ನ ಕೈ ನೆಕ್ಕುತ್ತಿದ್ದಳು, ಊಟ ಅಲ್ಲೇ ಆರುತ್ತಿತ್ತು. ಒಂದು ದಿನ ಅರ್ಜೆಂಟ್ ಬಟ್ಟೆ ಇತ್ತು. ತಟ್ಟೆ ಇಟ್ಟವಳೇ ಯಂತ್ರಕ್ಕೆ ಕೂತು ಪೆಡಲ್ ತುಳಿಯಲು ಶುರು ಮಾಡಿದೆ. ಅರ್ಧ ತೋಳು ಹೊಲಿದಿರಬೇಕು, ಕೆಳಗೆ ತಟ್ಟೆ ಸರಿದ ಸದ್ದು. ಬಗ್ಗಿ ನೋಡಲಿಲ್ಲ, ತುಳಿಯುತ್ತಲೇ ಇದ್ದೆ. ತಟ್ಟೆ ಗೋಡೆಗೆ ತಾಗಿ ನಿಂತಿತು, ನೆಕ್ಕುವ ಸದ್ದು ಬಂತು.

ನನಗೆ ಅವತ್ತು ಅರ್ಥವಾಯಿತು. ಕ್ರಿಯಾಟಿನಿನ್ ಎಂದರೇನೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮನೆಯೊಳಗೆ ಏನೋ ಕೆಟ್ಟದ್ದಾಗಿದೆ ಎಂಬುದು ಮಾತ್ರ. ಯಂತ್ರದ ಸದ್ದು ನಿಂತಿದೆ, ಅಮ್ಮ ತನ್ನನ್ನೇ ನೋಡುತ್ತಾ ಅಳುತ್ತಿದ್ದಾಳೆ. ಅವಳಿಗೆ ಹಳೆಯ ಮನೆ ವಾಪಸು ಬೇಕಿತ್ತು. ಅಂದಿನಿಂದ ಅಳುವುದನ್ನು ಬಚ್ಚಲೊಲೆಯ ಹತ್ತಿರಕ್ಕೆ ಇಟ್ಟುಕೊಂಡೆ. ಬೆಳಗ್ಗೆ ಒಲೆಗೆ ಅಡಿಕೆ ಸಿಪ್ಪೆ ತುಂಬಿ ಬೆಂಕಿ ಹಚ್ಚುವಾಗ ಎಷ್ಟು ಬಂದರೂ ಅಳುತ್ತೇನೆ, ತಡೆಯುವುದಿಲ್ಲ. ಆಮೇಲೆ ಮುಖ ತೊಳೆದುಕೊಂಡು ಒಳಗೆ ಬರುತ್ತೇನೆ. ಇನ್ನೂ ಬದುಕಿರುವ ಜೀವಕ್ಕಾಗಿ ಮೊದಲೇ ಅಳುವುದು ಅಪಶಕುನವಲ್ಲವೇ ಎಂಬ ಅಳುಕು ಇತ್ತು. ಅದಕ್ಕೂ ಮಗಳೇ ಉತ್ತರ ಹೇಳಿದಳು. ಎರಿಕ್ ಲಿಂಡೆಮನ್ ಎಂಬ ಮನೋವೈದ್ಯರು 1944ರಲ್ಲೇ ಇದನ್ನು ಗುರುತಿಸಿದ್ದರಂತೆ. ಯುದ್ಧಕ್ಕೆ ಹೋದವರು ಇನ್ನೂ ಬದುಕಿರುವಾಗಲೇ ಮನೆಯವರು ಅವರಿಗಾಗಿ ಶೋಕಿಸಿ ಮುಗಿಸಿಬಿಡುವುದನ್ನು ಅವರು ಬರೆದಿದ್ದಾರಂತೆ. ಸಾವಿಗೆ ಮೊದಲೇ ಬರುವ ದುಃಖ ಕಂಡವರು ಬೇರೆಯವರೂ ಇದ್ದಾರೆ ಎಂದು ತಿಳಿದದ್ದೇ ನನಗೆ ಸಾಕಾಯಿತು.

ಊರಿನವರ ಮಾತು? ಬಂತು. "ನಾಯಿ ತಾನೆ, ಇನ್ನೊಂದು ಮರಿ ತಂದರಾಯಿತು" ಎಂದವರಿದ್ದಾರೆ. ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂದು ಲೆಕ್ಕ ಕೇಳಿದವರಿದ್ದಾರೆ. ಸುಮಾರು ಮೂರೂವರೆ ಸಾವಿರ ಆಗುತ್ತದೆ. ಅದಕ್ಕೆಂದೇ ಫಾಲ್ಸ್ ಮತ್ತು ಕುಚ್ಚು ಹಾಕಿ ಬಂದ ದುಡ್ಡನ್ನು ಬೇರೆ ಡಬ್ಬಿಯಲ್ಲಿ ಇಡುತ್ತೇನೆ. ಅದರೊಳಗೆ ಎಷ್ಟಾಗುತ್ತದೋ ಅಷ್ಟು ಮಾಡುವುದು, ಸಾಲ ಮಾಡುವುದಿಲ್ಲ ಎಂದು ನಾನೂ ಇವರೂ ಮೊದಲೇ ಕೂತು ಮಾತಾಡಿಕೊಂಡೆವು. ಹಾಗೆ ಮಾತಾಡಿಕೊಂಡದ್ದು ಕಲ್ಲುಮನಸ್ಸಲ್ಲ. ಆಮೇಲೆ ಪ್ರತಿ ಬಿಲ್ಲಿನ ಮುಂದೆ ಸಂಕಟಪಡುವುದು ತಪ್ಪಿತು.

ನಾನು ನಿರೀಕ್ಷಿಸದೇ ಇದ್ದದ್ದು ಅತ್ತೆಯವರ ಬೆಂಬಲ. ಒಂಬತ್ತು ವರ್ಷದಲ್ಲಿ ಕೆಂಪಿಯನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಟ್ಟವರಲ್ಲ ಅವರು. ಒಂದು ಸಂಜೆ ನಾನು ಸಲೈನ್ ಕೊಡುವಾಗ ಬಂದು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರು ಈ ಮನೆಗೆ ಸೊಸೆಯಾಗಿ ಬಂದಾಗ ತವರಿನಿಂದ ಜೊತೆಗೆ ಬಂದಿದ್ದ ಹಸುವಿನ ಮಾತು ತೆಗೆದರು. ಅದು ಕಡೆಗಾಲದಲ್ಲಿ ಏಳಲಾರದೆ ಮಲಗಿದಾಗ ನಾಲ್ಕು ರಾತ್ರಿ ಲಾಟೀನು ಹಿಡಿದು ಕೊಟ್ಟಿಗೆಯಲ್ಲೇ ಕೂತಿದ್ದರಂತೆ. "ಏನು ಮಾಡುತ್ತಿದ್ದಿರಿ ಅತ್ತೆ, ಅಷ್ಟು ಹೊತ್ತು?" ಎಂದೆ. "ಏನು ಮಾಡುವುದು, ಗಂಗೆದೊಗಲು ತುರಿಸುತ್ತಿದ್ದೆ. ಅದಕ್ಕೆ ಅದು ಹಿತ" ಎಂದರು. ಆ ವಿಷಯ ಅವರು ಯಾರಿಗೂ ಹೇಳಿದ್ದಿಲ್ಲ. ಮಾರನೆಯ ದಿನ ನೀರುದೋಸೆಗೆ ಅಕ್ಕಿ ರುಬ್ಬಿದವರು ಉಪ್ಪು ಹಾಕುವ ಮೊದಲು ಒಂದು ಸೌಟು ಹಿಟ್ಟನ್ನು ಪುಟ್ಟ ಬಟ್ಟಲಿಗೆ ತೆಗೆದಿಟ್ಟರು. ಕಾವಲಿಯ ಮೊದಲ ದೋಸೆ ಈಗ ಕೆಂಪಿಯದು, ಉಪ್ಪಿಲ್ಲದ್ದು. ಅಂಚು ಮುರಿದು ಹೊಸ್ತಿಲ ಈಚೆಗೆ ಅವರೇ ಕೈಯಾರೆ ಕೊಡುತ್ತಾರೆ.

ಎಲ್ಲಕ್ಕಿಂತ ಭಾರವಾದ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆಯಲು ನನಗೆ ಎರಡು ತಿಂಗಳು ಬೇಕಾಯಿತು. ಯಾವಾಗ ಸಾಕು? ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಮಾಡಿದ ಒಂದು ಅಳತೆಯನ್ನು ಮಗಳು ಹುಡುಕಿ ಕಳಿಸಿದಳು. ನೋವು, ಹಸಿವು, ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬುದು, ಹೀಗೆ ಏಳು ವಿಷಯ. ಒಂದೊಂದಕ್ಕೂ ಹತ್ತರಲ್ಲಿ ಅಂಕ, ಮೊತ್ತ 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು. ವಾರಕ್ಕೊಮ್ಮೆ ಅದನ್ನು ಹಾಕುತ್ತೇನೆ. ಆದರೆ ದಿನದ ಲೆಕ್ಕ ನನಗೆ ನೂಲಿನಲ್ಲೇ ಬೇಕಿತ್ತು. ಬಿಳಿ ಕಾಟನ್ನಿನ ಒಂದು ಪಟ್ಟಿ ಕತ್ತರಿಸಿಟ್ಟುಕೊಂಡೆ. ರಾತ್ರಿ ಮಲಗುವ ಮೊದಲು, ಅವಳು ತಿಂದು, ಗೇಟಿನ ತನಕ ನಡೆದು, ಬಾಲ ಅಲ್ಲಾಡಿಸಿದ ದಿನವಾದರೆ ಹಸಿರು ನೂಲಿನ ಒಂದು ಹೊಲಿಗೆ. ಇಲ್ಲವಾದರೆ ಕಪ್ಪು. ಮನಸ್ಸು ಸುಳ್ಳು ಹೇಳುತ್ತದೆ. ಒಂದು ಕೆಟ್ಟ ದಿನ ಬಂದರೆ ಎಲ್ಲವೂ ಕೆಟ್ಟದ್ದೇ ಆಗಿತ್ತು ಎನ್ನುತ್ತದೆ, ಒಂದು ಒಳ್ಳೆಯ ದಿನ ಬಂದರೆ ವಾಸಿಯೇ ಆಯಿತು ಎನ್ನುತ್ತದೆ. ಪಟ್ಟಿ ಎರಡನ್ನೂ ಹೇಳುವುದಿಲ್ಲ.

ಮೂರು ಕಪ್ಪು ಒಟ್ಟಿಗೆ ಬಂದರೆ ಡಾಕ್ಟರಿಗೆ ಫೋನ್ ಮಾಡುವುದು, ಆಗ ದಯಾಮರಣದ ಮಾತು ಆಡುವುದು ಎಂದು ಅವರ ಜೊತೆಯೇ ಕೂತು ನಿಶ್ಚಯಿಸಿದ್ದೇವೆ. ಮನೆಗೇ ಬರುತ್ತೇನೆ ಎಂದಿದ್ದಾರೆ. ಮೊದಲು ಮಂಪರು ಬರುವ ಮದ್ದು, ಅವಳು ನಿದ್ದೆ ಹೋದ ಮೇಲೆ ಎರಡನೆಯದು. ಯಂತ್ರದ ಕೆಳಗೇ ಆಗಲಿ ಎಂದು ಕೇಳಿಕೊಂಡಿದ್ದೇನೆ. ಅದನ್ನು ಹೇಳುವಾಗ ಧ್ವನಿ ಒಡೆಯಿತು, ಆದರೆ ಹೇಳಿದೆ. ಹೇಳಿದ ಮೇಲೆ ರಾತ್ರಿಗಳು ಸ್ವಲ್ಪ ಹಗುರವಾದವು.

ಎಂಟು ತಿಂಗಳಾಗಿದೆ. ಕ್ರಿಯಾಟಿನಿನ್ ಒಮ್ಮೆ 3.1ಕ್ಕೆ ಇಳಿದಿತ್ತು, ಈಗ ಮತ್ತೆ ನಾಲ್ಕರ ಹತ್ತಿರ ಇದೆ. ಬೆನ್ನುಮೂಳೆ ಕೈಗೆ ಸಿಗುತ್ತದೆ. ಕಳೆದ ವಾರ ಸೋಮವಾರ ಅವಳು ಏನೂ ತಿನ್ನಲಿಲ್ಲ, ಕಪ್ಪು. ಮಂಗಳವಾರ ದೋಸೆಯ ಅಂಚನ್ನೂ ಮೂಸಿ ಬಿಟ್ಟಳು, ಕಪ್ಪು. ಬುಧವಾರ ಬೆಳಗ್ಗೆ ನಾನು ಯಂತ್ರಕ್ಕೆ ಕೂತೆನಾದರೂ ಪೆಡಲ್ ತುಳಿಯಲು ಕಾಲು ಬರಲಿಲ್ಲ. ಇವರು ಫೋನನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು ಕಾಯುತ್ತಿದ್ದರು. ಏಳೂವರೆಗೆ ಹಾಲಿನ ಡೇರಿಗೆ ಹೋಗುವ ಹುಡುಗನ ಸೈಕಲ್ ಬೆಲ್ ಕೇಳಿಸಿತು. ಕೆಂಪಿ ಮೊದಲು ಕಿವಿ ಎತ್ತಿದಳು. ಮುಂಗಾಲು ಚಾಚಿ, ಹಿಂಗಾಲು ಎಳೆದುಕೊಂಡು ಎದ್ದಳು. ನಡುವೆ ಎರಡು ಕಡೆ ನಿಂತು, ಗೇಟಿನ ತನಕ ಹೋಗಿ, ಒಂದು ಸಲ ಬೊಗಳಿ ಬಂದಳು. ಒಂಬತ್ತು ಗಂಟೆಗೆ ಅತ್ತೆಯವರ ಕೈಯಿಂದ ಅರ್ಧ ದೋಸೆ ತಿಂದಳು.

ಅವತ್ತು ರಾತ್ರಿ ಹಸಿರು ಹೊಲಿಗೆ ಹಾಕಿದೆ. ರೀಲಿನಲ್ಲಿ ಹಸಿರು ನೂಲು ಮುಗಿಯುತ್ತಾ ಬಂದಿದೆ. ಗುರುವಾರ ಪೇಟೆಗೆ ಹೋದಾಗ ಇನ್ನೊಂದು ತಂದೆ.