ನಡಾವಳಿ ಪುಸ್ತಕದಲ್ಲಿ ಬರೆಸಿದ ರಾಜಿ

2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಗೆದ್ದು, ಮಹಿಳೆಗೆ ಮೀಸಲಾಗಿದ್ದ ಅಧ್ಯಕ್ಷ ಸ್ಥಾನಕ್ಕೆ ನಾನು ಆಯ್ಕೆಯಾದಾಗ, 13 ಸದಸ್ಯರ ನಮ್ಮ ಸಭೆಯಲ್ಲಿ ನನ್ನ ಕಡೆಗಿದ್ದವರು ನಾನೂ ಸೇರಿ ಏಳು ಮಂದಿ. ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲವಾದ್ದರಿಂದ, ಇಂದು ಪಕ್ಕದಲ್ಲಿ ಕುಳಿತವರು ಮುಂದಿನ ಸಭೆಗೆ ಎದುರು ಸಾಲಿನಲ್ಲಿರುವುದು ಅಪರೂಪವೇನಲ್ಲ.

ಮೊದಲ ವರ್ಷ ನಾವು ಮಾಡಿಕೊಂಡ ಹೊಂದಾಣಿಕೆ ಎಲ್ಲರಿಗೂ ಸುಲಭವಾಗಿತ್ತು, ಅದಕ್ಕೇ ಕೆಟ್ಟದ್ದಾಗಿತ್ತು. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಮೀಸಲಾಗಿತ್ತು; ಉಳಿದ ಶೇ. 40ನ್ನು ಸದಸ್ಯರಿಗೆ ತಲಾ ಇಷ್ಟೆಂದು ಸಮನಾಗಿ ಹಂಚಿಬಿಟ್ಟೆವು. ಯಾರ ಮುಖವೂ ಬಾಡಲಿಲ್ಲ, ಒಂದು ಕೆಲಸವೂ ಪೂರ್ತಿಯಾಗಲಿಲ್ಲ. ನನ್ನ ವಾರ್ಡಿನ ಚರಂಡಿ ಬೀದಿಯ ನಡುವೆಯೇ ನಿಂತು, ಮೇಲಿನ ಮನೆಗಳ ಬಚ್ಚಲ ನೀರೆಲ್ಲ ಒಬ್ಬ ಅಜ್ಜಿಯ ಹೊಸಿಲ ಮುಂದೆ ಮಡುಗಟ್ಟಿತು.

ಎರಡನೇ ವರ್ಷ ದಲಿತ ಕಾಲೊನಿಯ ಕೊಳವೆಬಾವಿ ಬತ್ತಿತು. ಊರಿನ ಇನ್ನೊಂದು ತುದಿಯಿಂದ ಪೈಪ್‌ಲೈನ್ ಎಳೆಯಲು ನೀರಿಗೆ ಮೀಸಲಾದ ಹಣ ಸಾಲುತ್ತಿರಲಿಲ್ಲ. ಎಲ್ಲ ವಾರ್ಡುಗಳೂ ತಮ್ಮ ಪಾಲು ಬಿಟ್ಟುಕೊಡಬೇಕಿತ್ತು. ಏಳು ಕೈ ಎದ್ದಿದ್ದರೆ ತೀರ್ಮಾನವಾಗುತ್ತಿತ್ತು, ಆದರೆ ಉಳಿದ ಆರು ಮಂದಿಯ ಹಿಂದೆಯೂ ನಮ್ಮೂರಿನ ಅರ್ಧದಷ್ಟು ಜನರಿದ್ದಾರೆಂಬುದನ್ನು ಮರೆತು ಅಧ್ಯಕ್ಷೆಯಾಗಿ ಕೂರಲು ನನಗೆ ಮನಸ್ಸು ಬರಲಿಲ್ಲ. ಎರಡು ಸಭೆಗಳ ಮಾತುಕತೆಯ ನಂತರ ಅವರು ಒಪ್ಪಿದರು. ಈಗ ಕೈಬಿಟ್ಟ ಕೆಲಸಗಳನ್ನು ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ಮೊದಲು ಸೇರಿಸಬೇಕೆಂದೂ, ಅದನ್ನು ಬಾಯಿಮಾತಿನಲ್ಲಿ ಬಿಡದೆ ನಡಾವಳಿಯಲ್ಲಿ ಬರೆಸಬೇಕೆಂದೂ ಕೇಳಿದರು. ಆ ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಒಬ್ಬ ಸದಸ್ಯರು ಮಾತ್ರ, ಪೈಪನ್ನು ಕಾಲೊನಿಯವರೆಗೆ ಒಯ್ಯದೆ ಮುಖ್ಯ ಬೀದಿಯಲ್ಲೇ ನಲ್ಲಿ ಹಾಕಿದರೆ ಖರ್ಚು ಉಳಿಯುತ್ತದೆಂದರು. ಆ ನಲ್ಲಿಯಲ್ಲಿ ಯಾರು ಮೊದಲು ಕೊಡ ಇಡುತ್ತಾರೆ, ಯಾರು ಕಾದು ನಿಲ್ಲುತ್ತಾರೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಣ, ವರ್ಷ, ಕೆಲಸಗಳ ಸರದಿ, ಇವುಗಳಲ್ಲಿ ನಾನು ಎಷ್ಟು ಬೇಕಾದರೂ ಬಗ್ಗುತ್ತಿದ್ದೆ, ಇದರಲ್ಲಿ ಬಗ್ಗಲಿಲ್ಲ.

ಕಷ್ಟವಾದದ್ದು ನನ್ನ ವಾರ್ಡ್ ಸಭೆ. ಚರಂಡಿ ಮುಗಿಸುತ್ತೇನೆಂದು ಮಾತು ಕೊಟ್ಟು ಮತ ಕೇಳಿದ್ದವಳು ನಾನೇ. “ನಿನಗೆ ಓಟು ಹಾಕಿದ್ದು ನಾವು, ನೀರು ಅವರಿಗಾ?” ಎಂದು ಆ ಅಜ್ಜಿ ಎಲ್ಲರೆದುರು ಕೇಳಿದರು. ನಡಾವಳಿಯ ನಕಲನ್ನು ಓದಿ ಹೇಳಿದೆ, ಕಾಲೊನಿಯ ಹೆಂಗಸರು ನೀರಿಗಾಗಿ ಎಲ್ಲಿಯವರೆಗೆ ನಡೆಯುತ್ತಿದ್ದಾರೆಂದು ವಿವರಿಸಿದೆ. ಅಜ್ಜಿ ಒಪ್ಪಿದರೆಂದು ಹೇಳಲಾರೆ, ಆದರೆ ಎದ್ದು ಹೋಗಲಿಲ್ಲ.

ಮೂವತ್ತು ತಿಂಗಳ ನನ್ನ ಅವಧಿ ಮುಗಿದಾಗ ಎದುರು ಸಾಲಿನವರೊಬ್ಬರು ಅಧ್ಯಕ್ಷರಾದರು. ಅವರು ತಮ್ಮ ಮೊದಲ ಸಾಮಾನ್ಯ ಸಭೆಯಲ್ಲೇ ಹಳೆಯ ನಡಾವಳಿ ಪುಸ್ತಕ ತರಿಸಿ, ಆ ಪುಟವನ್ನು ಕಾರ್ಯದರ್ಶಿಯಿಂದ ಗಟ್ಟಿಯಾಗಿ ಓದಿಸಿ, ಅದರಲ್ಲಿದ್ದ ಸರದಿಯಂತೆಯೇ ಕೆಲಸ ಶುರು ಮಾಡಿಸಿದರು. ಅಜ್ಜಿಯ ಮನೆಯ ಮುಂದಿನ ಚರಂಡಿ ಆ ಪಟ್ಟಿಯಲ್ಲಿ ನಾಲ್ಕನೆಯದಾಗಿತ್ತು.