ಹಳೆಯ ಮಾರುತಿ 800ರ ಸಡಿಲ ಸ್ಟೀರಿಂಗ್: ನಾನೇ ಸರಿಮಾಡಿಕೊಂಡ ಬಗೆ

ಸ್ಟೀರಿಂಗ್ ಸಡಿಲವಾಗಿದೆ ಎಂದಾಗ ಮೊದಲು ನೋಡಬೇಕಾದದ್ದು ಅದು ಯಾವ ಕಡೆಗೆ ಅಲ್ಲಾಡುತ್ತದೆ ಎಂಬುದನ್ನು. ಎರಡೂ ಕೈಯಲ್ಲಿ ಹಿಡಿದು ಎದೆಯ ಕಡೆಗೆ ಎಳೆದಾಗ, ಮೇಲೆ ಕೆಳಗೆ ಒತ್ತಿದಾಗ ಕುಲುಕಿದರೆ ದೋಷ ಮೇಲೆಯೇ ಇದೆ. ಹಾರ್ನ್ ಮುಚ್ಚಳದ ಕೆಳಗಿರುವ ದೊಡ್ಡ ನಟ್ಟು, ಡ್ಯಾಶ್‌ಬೋರ್ಡಿನಡಿ ಕಾಲಂ (ಸ್ಟೀರಿಂಗಿನಿಂದ ಕೆಳಗಿಳಿಯುವ ದಂಡ ಮತ್ತು ಅದರ ಕವಚ) ಹಿಡಿದಿರುವ ಬೋಲ್ಟುಗಳು ಅಥವಾ ಕಾಲಂ ಒಳಗೆ ದಂಡವನ್ನು ಅಲುಗದಂತೆ ಹಿಡಿಯುವ ಬಳೆಯಂಥ ಬುಶ್, ಈ ಮೂರರಲ್ಲಿ ಒಂದು. ಹಾಗೆ ಕುಲುಕದೆ, ತಿರುಗಿಸಿದಾಗ ಮಾತ್ರ ಒಂದಿಷ್ಟು ದೂರ ಖಾಲಿ ಓಡಿದರೆ ದೋಷ ಕೆಳಗೆಲ್ಲೋ ಇದೆ. ನನ್ನ ಕಾರಿನದು ಈ ಎರಡನೆಯ ಬಗೆ. ನೇರ ರಸ್ತೆಯಲ್ಲೂ ಸ್ಟೀರಿಂಗನ್ನು ಆಗಾಗ ಅತ್ತಿತ್ತ ತಿದ್ದುತ್ತಲೇ ಇರಬೇಕಾಗಿತ್ತು. ಗುಂಡಿಯಲ್ಲಿ ಇಳಿದರೆ ಅಂಗೈಗೆ ‘ಟಕ್’ ಎಂದು ತಟ್ಟುತ್ತಿತ್ತು.

ತೋರಿಸಿದ ಕಡೆಯಲ್ಲೆಲ್ಲ ಒಂದೇ ಸಲಹೆ: ‘ರ್‍ಯಾಕ್ ಟೈಟ್ ಮಾಡಿಸಿ.’ ಮಾರುತಿ 800ರಲ್ಲಿ ಇರುವುದು ರ್‍ಯಾಕ್ ಮತ್ತು ಪಿನಿಯನ್ ವ್ಯವಸ್ಥೆ. ಸ್ಟೀರಿಂಗ್ ತಿರುಗಿದಂತೆ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ, ರ್‍ಯಾಕ್ ಎಂಬ ಹಲ್ಲಿನ ಪಟ್ಟಿಯನ್ನು ಅತ್ತಿತ್ತ ಸರಿಸುತ್ತದೆ. ಹಲ್ಲಿನ ಪಟ್ಟಿಯನ್ನು ಪಿನಿಯನ್‌ಗೆ ಒತ್ತಿ ಹಿಡಿಯಲು ಸ್ಪ್ರಿಂಗಿನ ಹಿಂದೆ ಒಂದು ಸ್ಕ್ರೂ ಇದೆ. ಅದನ್ನು ಬಿಗಿ ಮಾಡುವುದು ಸುಲಭ, ಹಣವೂ ಹೆಚ್ಚು ಬೇಡ, ಆದ್ದರಿಂದ ಎಲ್ಲರ ಕೈಯೂ ಮೊದಲು ಹೋಗುವುದು ಅಲ್ಲಿಗೇ. ಆದರೆ ದೋಷ ಬೇರೆಡೆ ಇದ್ದಾಗ ಇದನ್ನು ಬಿಗಿ ಮಾಡಿದರೆ ಸ್ಟೀರಿಂಗ್ ಭಾರವಾಗುತ್ತದೆ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಮರಳುವುದಿಲ್ಲ, ಹಲ್ಲುಗಳೂ ಬೇಗ ಸವೆಯುತ್ತವೆ. ಎಲ್ಲವನ್ನೂ ಪರೀಕ್ಷಿಸಿದ ಮೇಲೆ ಕೊನೆಯದಾಗಿ ಮುಟ್ಟಬೇಕಾದ ಸ್ಕ್ರೂ ಅದು ಎಂಬುದು ನನ್ನ ಅಭಿಪ್ರಾಯ.

ಮೊದಲು ಅಳೆದೆ. ಚಕ್ರಗಳನ್ನು ನೇರವಾಗಿ ನಿಲ್ಲಿಸಿ, ಸ್ಟೀರಿಂಗ್ ಅಂಚಿಗೆ ಬಿಳಿ ಟೇಪ್ ಅಂಟಿಸಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು, ಮುಂದಿನ ಚಕ್ರ ಅಲುಗುವವರೆಗೆ ಒಂದೇ ಬೆರಳಿನಿಂದ ತಿರುಗಿಸಬೇಕು. ಅಂಚಿನಲ್ಲಿ 30 ಮಿಲಿಮೀಟರ್‌ವರೆಗಿನ ಪ್ಲೇ (ಖಾಲಿ ಓಟ) ಈ ಕಾರಿಗೆ ಸಹಜ. ನನ್ನದು ಅದನ್ನು ಧಾರಾಳವಾಗಿ ದಾಟಿತ್ತು.

ಇನ್ನು ಮುಖ್ಯ ಕೆಲಸ. ಇದಕ್ಕೆ ಇಬ್ಬರು ಬೇಕು. ಹೆಂಡತಿಯ ತಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸಣ್ಣಗೆ ಅಲ್ಲಾಡಿಸುತ್ತಿರಲು ಹೇಳಿದೆ. ಕಾರು ನೆಲದ ಮೇಲೆಯೇ ಇರಬೇಕು. ಚಕ್ರದ ಮೇಲೆ ಭಾರ ಇದ್ದರೆ ಮಾತ್ರ ಸವೆದ ಕೀಲು ತನ್ನನ್ನು ತೋರಿಸಿಕೊಡುತ್ತದೆ. ನಾನು ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ಒಂದೊಂದೇ ಕೀಲಿನ ಮೇಲೆ ಹೆಬ್ಬೆರಳಿಟ್ಟು ನೋಡುತ್ತ ಬಂದೆ. ಚಲನೆ ಒಂದು ಕಡೆಯಿಂದ ಒಳಹೋಗಿ ಇನ್ನೊಂದು ಕಡೆಯಿಂದ ತಡವಾಗಿ ಹೊರಬರುವ ಜಾಗವೇ ದೋಷದ ಜಾಗ. ಕಾಲಂ ಕೆಳಗಿಳಿದು ರ್‍ಯಾಕ್ ಸೇರುವಲ್ಲಿನ ಜಾಯಿಂಟಿನ ಬೋಲ್ಟು ಕೊಂಚ ಸಡಿಲವಾಗಿತ್ತು. ಮೇಲಿನ ತುಂಡು ತಿರುಗಿದ ಮೇಲೆ ಒಂದು ಕೂದಲೆಳೆ ತಡವಾಗಿ ಕೆಳಗಿನದು ತಿರುಗುತ್ತಿತ್ತು. ರ್‍ಯಾಕನ್ನು ಕಾರಿನ ಬಾಡಿಯ ಜೊತೆ ಹಿಡಿದಿರುವ ರಬ್ಬರ್ ಬುಶ್‌ಗಳು ಚೆನ್ನಾಗಿಯೇ ಇದ್ದವು. ಅವು ಹಾಳಾಗಿದ್ದರೆ ಇಡೀ ರ್‍ಯಾಕೇ ಪಕ್ಕಕ್ಕೆ ಸರಿಯುವುದು ಕಣ್ಣಿಗೆ ಕಾಣುತ್ತದೆ.

ಎಡಗಡೆಯ ಟೈ ರಾಡ್ ಎಂಡ್ (ರ್‍ಯಾಕಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ರಾಡಿನ ತುದಿಯ ಗುಂಡಿನ ಕೀಲು) ಮೇಲೆ ಬೆರಳಿಟ್ಟಾಗ ವಿಷಯ ಸ್ಪಷ್ಟವಾಯಿತು. ಅದರ ರಬ್ಬರ್ ಬೂಟು (ಮುಸುಕು) ಹರಿದಿತ್ತು, ಗ್ರೀಸು ಕೆಮ್ಮಣ್ಣಿನ ಜೊತೆ ಸೇರಿ ಅರೆದ ಪೇಸ್ಟಿನಂತಾಗಿತ್ತು, ಪ್ರತಿ ಸಲವೂ ಒಳಗಿನ ಗುಂಡು ಗೂಡಿನಲ್ಲಿ ಜಿಗಿಯುವುದು ಬೆರಳಿಗೇ ತಿಳಿಯುತ್ತಿತ್ತು. ‘ಭಾವ, ಇನ್ನೂ ಅಲ್ಲಾಡಿಸಲೇ?’ ಎಂದು ಅವನು ಕೇಳಿದ. ಸಾಕು ಎಂದೆ.

ಬಿಡಿಭಾಗಕ್ಕೆ ಪರದಾಡಬೇಕಾಗಿಲ್ಲ. 2014ರಲ್ಲಿ ಈ ಕಾರಿನ ತಯಾರಿಕೆ ನಿಂತರೂ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಇದರ ಭಾಗಗಳು ಸಿಗುತ್ತವೆ. ಬೆಲೆ ತೀರಾ ಕಡಿಮೆ ಎನಿಸಿದ್ದನ್ನು ಮಾತ್ರ ಸ್ಟೀರಿಂಗಿಗೆ ಹಾಕಬೇಡಿ. ಸೀಟ್ ಕವರಿನಲ್ಲಿ ಉಳಿಸಿ, ಇಲ್ಲಿ ಬೇಡ.

ಜಾಯಿಂಟಿನ ಬೋಲ್ಟನ್ನು ಹೊರತೆಗೆದು, ಶಾಫ್ಟಿನ ಗೀರುಹಲ್ಲುಗಳು ಸವೆದಿಲ್ಲವೆಂದು ಖಚಿತಪಡಿಸಿಕೊಂಡು ಹೊಸ ಬೋಲ್ಟು ಹಾಕಿದೆ. ಹಲ್ಲು ಸವೆದಿದ್ದರೆ ಎಷ್ಟು ಬಿಗಿದರೂ ಫಲವಿಲ್ಲ, ಜಾಯಿಂಟನ್ನೇ ಬದಲಿಸಬೇಕು.

ಟೈ ರಾಡ್ ಎಂಡ್ ಬಿಚ್ಚಲು ಮುಂಭಾಗವನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆದೆ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಕೈಹಾಕಬಾರದು. ನಟ್ಟು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಎಳೆದು, ನಟ್ಟನ್ನು ಸಡಿಲಿಸಿ, ಕೆಲವು ಸುತ್ತು ಹಾಗೆಯೇ ಉಳಿಸಿದೆ. ಎಂಡಿನ ದಂಡ ಶಂಕುವಿನಾಕಾರದಲ್ಲಿ ಕಚ್ಚಿಕೊಂಡಿರುತ್ತದೆ. ಅದನ್ನು ಬಿಡಿಸಲು ದಂಡದ ತುದಿಗೆ ಹೊಡೆದರೆ ಅದರ ಥ್ರೆಡ್ಡು ಕೆಡುತ್ತದೆ. ಅದು ಕೂತಿರುವ, ಚಕ್ರದ ಕಡೆಯ ತೋಳಿನ ಕಣ್ಣಿನ (ತೂತಿನ) ಪಕ್ಕಕ್ಕೆ ಸುತ್ತಿಗೆಯಿಂದ ಗಟ್ಟಿಯಾಗಿ ಹೊಡೆಯಬೇಕು. ಹಿಂಬದಿಗೆ ಇನ್ನೊಂದು ಭಾರದ ಸುತ್ತಿಗೆ ಆನಿಸಿ ಹಿಡಿದರೆ ಇನ್ನೂ ಒಳ್ಳೆಯದು. ಒಂದು ಹೊಡೆತಕ್ಕೆ ಅದು ಥಟ್ಟನೆ ಕಳಚಿಕೊಳ್ಳುತ್ತದೆ. ಎಂಡನ್ನು ರಾಡಿಗೆ ಬಿಗಿದಿರುವ ಲಾಕ್ ನಟ್ಟಿನ ಜಾಗಕ್ಕೆ ಗುರುತು ಹಾಕಿ, ಹಳೆಯ ಎಂಡ್ ಎಷ್ಟು ಸುತ್ತು ತಿರುಗಿಸಿದಾಗ ಹೊರಬಂತೆಂದು ಎಣಿಸಿಕೊಂಡು, ಹೊಸದನ್ನು ಅಷ್ಟೇ ಸುತ್ತು ಒಳಗೆ ತಿರುಗಿಸಿದೆ. ನಟ್ಟು ಬಿಗಿದ ಮೇಲೆ ಪಿನ್ನಿನ ತೂತು ಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿದು ಹೊಂದಿಸಬೇಕು, ಹಿಂದಕ್ಕೆ ಸಡಿಲಿಸಬಾರದು. ಪಿನ್ ಹೊಸದೇ ಆಗಿರಲಿ.

ಚಕ್ರ ಹಾಕುವ ಮೊದಲು ಸ್ಟೀರಿಂಗನ್ನು ಎರಡೂ ಕೊನೆಗಳವರೆಗೆ ತಿರುಗಿಸಿ, ಬ್ರೇಕ್ ಹೋಸು ಎಲ್ಲಿಯೂ ಎಳೆಯುತ್ತಿಲ್ಲ, ಉಜ್ಜುತ್ತಿಲ್ಲ ಎಂದು ನೋಡಿದೆ. ಆಮೇಲೆ ಬಡಾವಣೆಯ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ, ಅಲ್ಲಿಂದ ನೇರ, ಚಕ್ರಗಳ ದಿಕ್ಕು ಹೊಂದಿಸುವ ಅಲೈನ್‌ಮೆಂಟ್ ಅಂಗಡಿಗೆ ಹೋದೆ. ಸುತ್ತು ಎಣಿಸಿದ್ದು ಅಂಗಡಿವರೆಗೆ ಹೋಗಲು ಸಾಕಾಗುವ ಅಂದಾಜು ಮಾತ್ರ. ಅಷ್ಟಕ್ಕೇ ಬಿಟ್ಟರೆ ಟೈರು ಒಂದು ಅಂಚಿನಲ್ಲಿ ಸವೆಯುತ್ತದೆ.

ಅಂಗಡಿಯ ಹುಡುಗ ಸ್ಟೀರಿಂಗ್ ಸೊಟ್ಟಗೆ ನಿಂತಿದೆ ಎಂದು ಅದನ್ನೇ ಕಳಚಿ ಒಂದು ಹಲ್ಲು ಸರಿಸಿ ಕೂರಿಸಲು ಹೊರಟಿದ್ದ. ಬೇಡವೆಂದೆ. ಹಾಗೆ ಮಾಡಿದರೆ ಸ್ಟೀರಿಂಗ್ ನೇರ ಕಾಣುತ್ತದೆ, ರ್‍ಯಾಕ್ ಮಾತ್ರ ನಡುವಿನಿಂದ ಸರಿದೇ ಇರುತ್ತದೆ, ಒಂದು ಕಡೆಗೆ ಹೆಚ್ಚು ತಿರುಗಿ ಇನ್ನೊಂದು ಕಡೆಗೆ ಕಡಿಮೆ ತಿರುಗುತ್ತದೆ. ಎರಡೂ ಟೈ ರಾಡ್‌ಗಳನ್ನು ಹೊಂದಿಸಿಯೇ ನೇರ ಮಾಡಿಸಿದೆ. ಈಗ ಪ್ಲೇ ಒಂದು ಬೆರಳಗಲದಷ್ಟಿದೆ. ರ್‍ಯಾಕಿನ ಸ್ಕ್ರೂವನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ.